ಸೆರೆಮನೆಯ ಅನ್ನ, ದಾಸೋಹದ ಅನ್ನ

ಶಿವಾನುಭವ ಪಾಠ: ಹತ್ತೊಂಬತ್ತನೆಯ ಶತಮಾನದ ಜೈಲುಗಳಲ್ಲಿ ಶಿಸ್ತು, ಧರ್ಮ ಮತ್ತು ಆರೋಗ್ಯ



ಈ ಸಲದ ಪಾಠಕ್ಕೆ ಆರಿಸಿಕೊಂಡ ವಿಷಯ ಕೆಲವರಿಗೆ ವಿಚಿತ್ರವೆನಿಸಬಹುದು. ಮಠದ ಪತ್ರಿಕೆಯಲ್ಲಿ ಜೈಲಿನ ಮಾತೇಕೆ ಎಂದು ಹಿರಿಯರು ಕೇಳಬಹುದು. ಕಾರಣವಿದೆ. ಮನುಷ್ಯನು ಏನನ್ನು ಉಣ್ಣಬೇಕು, ಯಾರ ಜೊತೆ ಕುಳಿತು ಉಣ್ಣಬೇಕು, ಯಾಕಾಗಿ ದುಡಿಯಬೇಕು, ತನ್ನ ಮೈಯನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಹನ್ನೆರಡನೆಯ ಶತಮಾನದ ಶರಣರು ಉತ್ತರ ಕೊಟ್ಟರು. ಪ್ರಸಾದ, ಸಹಪಂಕ್ತಿ, ಕಾಯಕ, ದಾಸೋಹ ಎಂಬ ಮಾತುಗಳಲ್ಲಿ ಆ ಉತ್ತರಗಳಿವೆ. ಏಳು ನೂರು ವರ್ಷಗಳ ನಂತರ ಇಂಗ್ಲಿಷರು ಈ ನಾಡಿನಲ್ಲಿ ಜೈಲು ಕಟ್ಟಿದಾಗ ಅದೇ ನಾಲ್ಕು ಪ್ರಶ್ನೆಗಳು ಅವರಿಗೂ ಎದುರಾದವು. ಅವರು ಕೊಟ್ಟ ಉತ್ತರ ಬೇರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಧರ್ಮದ ಬೆಲೆ ತಿಳಿಯುತ್ತದೆ. ಜೊತೆಗೆ ನಾವು ಎಲ್ಲಿ ತಪ್ಪಿದ್ದೇವೆ ಎಂಬುದೂ ತಿಳಿಯುತ್ತದೆ.

ನಮ್ಮ ಸೀಮೆಯ ಜೈಲು

ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ, ಪೆನುಕೊಂಡ ಮೊದಲಾದ ನಮ್ಮ ಊರುಗಳು 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಗೆ ಬಂದವು. ದತ್ತ ಮಂಡಲ ಎಂದು ಹೆಸರಾದ ಈ ಪ್ರದೇಶಕ್ಕೆ ಥಾಮಸ್ ಮನ್ರೋ ಮೊದಲ ಮುಖ್ಯ ಕಲೆಕ್ಟರ್. ಮುಂದೆ ಈ ಊರುಗಳೆಲ್ಲ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಗುವವರೆಗೂ ನಮ್ಮವರಿಗೆ ಜಿಲ್ಲಾ ಕಚೇರಿಯೆಂದರೆ ಬಳ್ಳಾರಿ, ದೊಡ್ಡ ಜೈಲೆಂದರೂ ಬಳ್ಳಾರಿಯೇ. ಕಲ್ಯಾಣದುರ್ಗದಿಂದ ಅಲ್ಲಿಗೆ ಕಾಲ್ನಡಿಗೆಯಲ್ಲಿ ದಿನಗಟ್ಟಲೆಯ ದಾರಿ. ಹಿಂದೂಪುರದವರಿಗೆ ಇನ್ನೂ ದೂರ. 1953ರ ಅಕ್ಟೋಬರ್ 1ರಂದು ಅನಂತಪುರ ಆಂಧ್ರ ರಾಜ್ಯಕ್ಕೂ, ಬಳ್ಳಾರಿಯ ಬಹುಭಾಗ ಮೈಸೂರಿಗೂ ಸೇರಿದವು. ಅಂದಿನಿಂದ ನಡುವೆ ರಾಜ್ಯದ ಗಡಿ ಬಂತು. ಆದರೆ ಹತ್ತೊಂಬತ್ತನೆಯ ಶತಮಾನದ ಕಥೆಗೆ ಆ ಗಡಿಯಿಲ್ಲ. ಮದ್ರಾಸು ಸರ್ಕಾರದ ಒಂದೇ ಜೈಲು ನಿಯಮ ಎರಡೂ ಕಡೆಯವರನ್ನು ಆಳುತ್ತಿತ್ತು.

ಹಿಂದೂಪುರದಿಂದ ಬೆಂಗಳೂರಿಗೆ ವ್ಯಾಪಾರಕ್ಕೋ ಆಸ್ಪತ್ರೆಗೋ ಹೋದವರು ಅಲ್ಲಿನ ಫ್ರೀಡಂ ಪಾರ್ಕನ್ನು ನೋಡಿರಬಹುದು. ಅದು ಮೊದಲು ಬೆಂಗಳೂರಿನ ಕೇಂದ್ರ ಕಾರಾಗೃಹವಾಗಿತ್ತು. 1860ರ ದಶಕದಲ್ಲಿ ಕಟ್ಟಿದ್ದು. ನಡುವೆ ಒಂದು ಕಾವಲು ಗೋಪುರ ಈಗಲೂ ನಿಂತಿದೆ. ಗೋಪುರದ ಮೇಲೆ ನಿಂತ ಒಬ್ಬ ಕಾವಲುಗಾರ ಸುತ್ತಲಿನ ಸಾಲುಗಳನ್ನೆಲ್ಲ ನೋಡಬಲ್ಲ. ಕೈದಿಗೆ ಮಾತ್ರ ತನ್ನನ್ನು ಯಾವಾಗ ನೋಡುತ್ತಿದ್ದಾರೆಂದು ತಿಳಿಯದು. ಆ ಕಾಲದ ಶಿಸ್ತಿನ ಮೂಲಮಂತ್ರವೇ ಇದು: ಸದಾ ಯಾರೋ ನೋಡುತ್ತಿದ್ದಾರೆಂಬ ಭಯ. ಶಿವನು ಒಳಗಿದ್ದು ನೋಡುತ್ತಾನೆಂದು ನಂಬಿದ ಶರಣನು ನೆಟ್ಟಗೆ ನಡೆಯುವುದಕ್ಕೂ, ಗೋಪುರದ ಮೇಲಿನವನು ನೋಡುತ್ತಾನೆಂದು ಕೈದಿ ತಲೆ ತಗ್ಗಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ವಾಚಕರೇ ವಿಚಾರಿಸಬೇಕು.

ಬೇಸರವೇ ಶಿಕ್ಷೆ

ಕಂಪನಿ ಸರ್ಕಾರದ ಮೊದಲ ದಿನಗಳಲ್ಲಿ ಜೈಲುಗಳಿಗೆ ಗಟ್ಟಿಯಾದ ಕಟ್ಟಳೆ ಇರಲಿಲ್ಲ. ಕೈದಿಗಳನ್ನು ಬೇಡಿ ಹಾಕಿ ಹೊರಗೆ ರಸ್ತೆ ಕೆಲಸಕ್ಕೆ ಅಟ್ಟುತ್ತಿದ್ದರು. ಊಟಕ್ಕೆ ದಿನಕ್ಕಿಷ್ಟು ಎಂದು ಕಾಸು ಕೊಡುತ್ತಿದ್ದರು. ಕೈದಿ ತನಗೆ ಬೇಕಾದ ಕಾಳು, ಬೇಳೆ, ಉಪ್ಪು ಕೊಂಡು ತನ್ನ ಒಲೆಯಲ್ಲಿ ತಾನೇ ಬೇಯಿಸಿಕೊಳ್ಳುತ್ತಿದ್ದ.

ಮೆಕಾಲೆಯ ಸಲಹೆಯಂತೆ 1836ರಲ್ಲಿ ಜೈಲು ಶಿಸ್ತಿನ ಸಮಿತಿಯೊಂದು ನೇಮಕವಾಯಿತು. 1838ರಲ್ಲಿ ಅದು ವರದಿ ಕೊಟ್ಟಿತು. ಬಯಲಿನ ರಸ್ತೆ ಕೆಲಸದಲ್ಲಿ ಕೈದಿಗಳು ಹೆಚ್ಚು ಸಾಯುತ್ತಿದ್ದಾರೆ, ಶಿಸ್ತೂ ಉಳಿಯುತ್ತಿಲ್ಲ, ಆದ್ದರಿಂದ ಅವರನ್ನು ಗೋಡೆಯೊಳಗೆ ಇಡಬೇಕೆಂದು ಅದು ಹೇಳಿತು. ಇದರಲ್ಲಿ ಒಳ್ಳೆಯದೂ ಇತ್ತು. ಆದರೆ ಗೋಡೆಯೊಳಗಿನ ಕೆಲಸ ಹೇಗಿರಬೇಕು? ಕೈದಿಗೆ ಆಸಕ್ತಿ ಹುಟ್ಟಿಸದಂಥದು, ಒಂದೇ ಸಮನೆ ಮಾಡುವಂಥದು, ಮನಸ್ಸನ್ನು ದಣಿಸುವಂಥದು ಆಗಿರಬೇಕೆಂದು ಸಮಿತಿ ಬಯಸಿತು. ಸಣ್ಣ ಪುಟ್ಟ ಸುಖಗಳನ್ನೂ ತೆಗೆದುಹಾಕಬೇಕೆಂದಿತು. ಕೈದಿಯನ್ನು ಬುದ್ಧಿ ಹೇಳಿ ತಿದ್ದಬಹುದೆಂಬ ನಂಬಿಕೆ ಅದಕ್ಕೆ ಅಷ್ಟಾಗಿ ಇರಲಿಲ್ಲ. ಜೈಲೆಂದರೆ ಜನ ಹೆದರಬೇಕು, ಅಷ್ಟೇ.

ಇಲ್ಲಿ ನಾವು ಕ್ಷಣ ನಿಲ್ಲಬೇಕು. ದುಡಿಮೆಯನ್ನೇ ದಂಡವಾಗಿ ಬಳಸುವ ಈ ವಿಚಾರ ಶರಣರ ಕಾಯಕಕ್ಕೆ ನೇರ ಎದುರು. ಕಾಯಕದಲ್ಲಿ ಮೂರು ಗುಣಗಳಿವೆ. ಅದು ತಾನೇ ಒಪ್ಪಿಕೊಂಡ ದುಡಿಮೆ, ಪರರಿಗೆ ಉಪಯೋಗವಾಗುವ ದುಡಿಮೆ, ಅದರ ಫಲ ದಾಸೋಹಕ್ಕೆ ಸಲ್ಲುವ ದುಡಿಮೆ. ಸೆರೆಮನೆಯ ದುಡಿಮೆಯಲ್ಲಿ ಮೊದಲನೆಯದು ಇಲ್ಲ. ಎರಡನೆಯದು ಇರಬಾರದೆಂದೇ ಕೆಲವರು ವಾದಿಸಿದರು. ಮೂರನೆಯದು ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಮುಂದೆ ಹಲವು ಜೈಲುಗಳಲ್ಲಿ ಜಮಖಾನೆ ನೇಯ್ಗೆ, ಹಗ್ಗ ಹೊಸೆಯುವುದು ಮುಂತಾದ ಉಪಯುಕ್ತ ಕೆಲಸಗಳು ಬಂದವು, ನಿಜ. ಅವುಗಳಿಂದ ಕೈಗೆ ಕಸುಬು ಹತ್ತಿದವರೂ ಇದ್ದರು. ಆದರೂ ಎಷ್ಟೋ ಕಡೆ ಗಾಣ ಸುತ್ತುವುದು, ಬೀಸುವುದು, ಕಲ್ಲು ಒಡೆಯುವುದೇ ಉಳಿಯಿತು.

ನುಲಿಯ ಚಂದಯ್ಯ ಶರಣರನ್ನು ನೆನೆಯಿರಿ. ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ಮಾಡಿದವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿದ್ದರೂ ಕಾಯಕವನ್ನು ಬಿಡಲಿಲ್ಲ, ಲಿಂಗವೇ ಅವರ ಬೆನ್ನು ಹತ್ತಿ ಬಂತು ಎಂಬ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಅದೇ ಹಗ್ಗ, ಅದೇ ಕೈ. ಒಂದು ಕಡೆ ಪೂಜೆಗಿಂತ ದೊಡ್ಡದಾಯಿತು, ಇನ್ನೊಂದು ಕಡೆ ದಂಡನೆಯಾಯಿತು. ದುಡಿಮೆ ತನ್ನಷ್ಟಕ್ಕೆ ಪಾವನವೂ ಅಲ್ಲ, ಹೀನವೂ ಅಲ್ಲ. ಅದರ ಹಿಂದೆ ಮನುಷ್ಯನ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದೇ ಮುಖ್ಯ.

ಒಲೆ ಮತ್ತು ಚೊಂಬು

ಇನ್ನು ಊಟದ ಮಾತು. 1840ರ ಸುಮಾರಿಗೆ ಸರ್ಕಾರ ಕಾಸು ಕೊಡುವ ಪದ್ಧತಿಯನ್ನು ನಿಲ್ಲಿಸತೊಡಗಿತು. ಒಬ್ಬೊಬ್ಬರ ಒಲೆ ಆರಿತು. ಕೈದಿಗಳ ಗುಂಪಿಗೆಲ್ಲ ಒಂದೇ ಅಡುಗೆ ಎಂಬ ನಿಯಮ ಬಂತು. ಒಲೆಗೆ ಹೋಗುತ್ತಿದ್ದ ಹೊತ್ತು ದುಡಿಮೆಗೆ ಸಿಗುತ್ತದೆ, ಅಳತೆ ಒಂದೇ ಆಗುತ್ತದೆ, ಕೈದಿಯ ಕೈಯಲ್ಲಿ ಕಾಸು ಆಡುವುದಿಲ್ಲ ಎಂಬುದು ಸರ್ಕಾರದ ಲೆಕ್ಕ. ಬಿಹಾರದ ಹಲವು ಜೈಲುಗಳಲ್ಲಿ ಇದರಿಂದ ಗಲಭೆಗಳಾದವು. ಬೇರೆಯವನು ಬೇಯಿಸಿದ್ದನ್ನು ಉಂಡರೆ ಜಾತಿ ಕೆಡುತ್ತದೆ, ಬಿಡುಗಡೆಯಾಗಿ ಊರಿಗೆ ಹೋದರೆ ಕುಲದವರು ಸೇರಿಸುವುದಿಲ್ಲ ಎಂಬ ಭಯ ಕೈದಿಗಳದು.

1855ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಹಿತ್ತಾಳೆ ಚೊಂಬನ್ನು ಕೈದಿಗಳು ಆಯುಧವಾಗಿ ಬಳಸುತ್ತಾರೆಂದು ಅದನ್ನು ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಡಲು ಹೊರಟರು. ಲೋಹದ ಚೊಂಬನ್ನು ಬೆಳಗಿ ಶುದ್ಧ ಮಾಡಬಹುದು, ಮಣ್ಣಿನದನ್ನು ಮಾಡಲಾಗದು ಎಂಬುದು ಆಚಾರದ ಮಾತು. ಆರಾ ಮತ್ತು ಮುಜಫರಪುರದ ಜೈಲುಗಳಲ್ಲಿ ದಂಗೆಯೆದ್ದಿತು. ಮುಜಫರಪುರದಲ್ಲಿ ಊರಿನವರೂ ಹಳ್ಳಿಯ ರೈತರೂ ಕೈದಿಗಳ ಪರ ನಿಂತರು. ಕೊನೆಗೆ ಚೊಂಬುಗಳನ್ನು ಮರಳಿ ಕೊಡಬೇಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ 1857ರ ಸಂಗ್ರಾಮ ಬಂತು. ದಂಗೆಯೆದ್ದ ಸಿಪಾಯಿಗಳು ಉತ್ತರದ ಹಲವು ಊರುಗಳಲ್ಲಿ ಜೈಲಿನ ಬಾಗಿಲುಗಳನ್ನು ಒಡೆದರು.

ಈ ಕಥೆಯಲ್ಲಿ ಲಿಂಗವಂತನ ನಿಲುವು ಏನಾಗಬೇಕು? ಇಲ್ಲಿ ಸೂಕ್ಷ್ಮವಿದೆ. ಲಿಂಗಧಾರಿಯು ಅನ್ನವನ್ನು ಮೊದಲು ಇಷ್ಟಲಿಂಗಕ್ಕೆ ಅರ್ಪಿಸಿ, ಪ್ರಸಾದವಾದ ಮೇಲೆ ಸ್ವೀಕರಿಸುತ್ತಾನೆ. ಸ್ನಾನ, ವಿಭೂತಿ, ಪೂಜೆ, ಅರ್ಪಣೆ ಇವಕ್ಕೆ ಸ್ವಲ್ಪ ನೀರು ಬೇಕು, ಸ್ವಲ್ಪ ಹೊತ್ತು ಬೇಕು. ಗಂಟೆ ಬಾರಿಸಿದೊಡನೆ ಸಾಲಿನಲ್ಲಿ ಕೂತು ಉಂಡೆದ್ದು ಕೆಲಸಕ್ಕೆ ಹೋಗಬೇಕಾದ ಕಡೆ ಇವೆರಡೂ ಕಷ್ಟ. ಅಷ್ಟಾವರಣಗಳಾದ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರಗಳಲ್ಲಿ ಯಾವ ಪಹರೆಯವನೂ ಕಸಿಯಲಾಗದ್ದು ಒಂದೇ, ಅದು ಮಂತ್ರ. ಕಿತ್ತೂರಿನ ರಾಣಿ ಚೆನ್ನಮ್ಮನವರು 1824ರ ಯುದ್ಧದ ನಂತರ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿ 2ರಂದು ಲಿಂಗೈಕ್ಯರಾದರು. ಆ ನಾಲ್ಕು ವರ್ಷಗಳನ್ನು ಅವರು ಪೂಜೆ, ಪಾರಾಯಣಗಳಲ್ಲಿ ಕಳೆದರೆಂದು ಹಿರಿಯರು ಹೇಳುತ್ತಾರೆ. ಅವರು ರಾಜಬಂದಿ. ಒಂದು ಮೂಟೆ ಜೋಳ ಕದ್ದು ಒಳಗೆ ಹೋದ ಬಡ ಭಕ್ತನಿಗೆ ಅಂಥ ಏಕಾಂತ ಎಲ್ಲಿಂದ ಬರಬೇಕು?

ಆದ್ದರಿಂದ ಅರ್ಪಿಸದೆ ಉಣ್ಣಲಾರೆ ಎಂದು ಕೈದಿಯೊಬ್ಬ ಅನ್ನವನ್ನು ದೂರವಿಟ್ಟರೆ ಅದು ಭಕ್ತಿ. ಬೇಯಿಸಿದವನು ಕೀಳುಜಾತಿಯವನು ಎಂದು ದೂರವಿಟ್ಟರೆ ಅದು ಜಾತಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ತಟ್ಟೆ ಹಾಗೇ ಉಳಿದಿರುತ್ತದೆ. ಇಂಗ್ಲಿಷ್ ಅಧಿಕಾರಿಗೆ ಈ ಭೇದ ತಿಳಿಯಲಿಲ್ಲ. ತಪ್ಪು ಅವನೊಬ್ಬನದೇ ಅಲ್ಲ. ನಾವೇ ಎಷ್ಟೋ ಸಲ ಎರಡನ್ನೂ ಕಲಸಿಬಿಟ್ಟಿದ್ದೇವೆ.

ಧರ್ಮಕ್ಕೆ ಗೌರವವೋ, ಜಾತಿಗೆ ಗೌರವವೋ?

1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಸರ್ಕಾರ ಮಾತು ಕೊಟ್ಟಿತು. ಕೇಳಲು ಚೆನ್ನಾಗಿದೆ. ಜೈಲಿನೊಳಗೆ ಆ ಮಾತು ಯಾವ ರೂಪ ತಾಳಿತೆಂದು ನೋಡೋಣ. ಗುಂಪಿನ ಅಡುಗೆ ಉಳಿಯಿತು. ಆದರೆ ಅಡುಗೆಗೆ ಮೇಲುಜಾತಿಯ ಕೈದಿಯನ್ನು ನೇಮಿಸಿದರು. ಕಸ ಗುಡಿಸಲು, ಮಲ ಹೊರಲು ಹಿಂದಿನಿಂದ ಆ ಕೆಲಸ ಮಾಡುತ್ತಿದ್ದ ಜಾತಿಗಳ ಕೈದಿಗಳನ್ನು ಹಚ್ಚಿದರು. ದಾಖಲೆ ಪುಸ್ತಕದಲ್ಲಿ ಹೆಸರಿನ ಪಕ್ಕ ಜಾತಿ ಬರೆದರು. ಊರಿನಲ್ಲಿ ಕೇರಿಗಳು ಹೇಗಿದ್ದವೋ ಹಾಗೆ ಜೈಲಿನೊಳಗೂ ಕೇರಿಗಳಾದವು.

ಧರ್ಮವನ್ನು ಗೌರವಿಸಿದೆವು ಎಂದು ಸರ್ಕಾರ ಭಾವಿಸಿತು. ನಿಜವಾಗಿ ಅದು ಗೌರವಿಸಿದ್ದು ಜಾತಿಯನ್ನು. ಹುಟ್ಟಿನಿಂದ ಒಬ್ಬ ಅಡುಗೆಯವನು, ಹುಟ್ಟಿನಿಂದ ಒಬ್ಬ ಗುಡಿಸುವವನು ಎಂಬ ಮಾತನ್ನು ಕಲ್ಯಾಣದಲ್ಲಿ ಶರಣರು ಒಪ್ಪಿರಲಿಲ್ಲ. ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮಧುವರಸರ ಮನೆಗೂ ನೆಂಟಸ್ತನವಾದದ್ದಕ್ಕೆ ಬಿಜ್ಜಳನ ರಾಜ್ಯದಲ್ಲಿ ಆ ಇಬ್ಬರು ಹಿರಿಯರಿಗೆ ಎಳೆಹೂಟೆ ಶಿಕ್ಷೆಯಾಯಿತೆಂದು ನಮ್ಮ ಪುರಾಣಗಳು ಹೇಳುತ್ತವೆ. ಯಾವುದನ್ನು ಮುರಿಯಲು ಶರಣರು ಪ್ರಾಣ ಕೊಟ್ಟರೋ ಅದನ್ನೇ ಸರ್ಕಾರದ ಜೈಲು ನಿಯಮವಾಗಿ ಬರೆದಿಟ್ಟಿತು.

ಈ ವಿಚಾರ ಜೈಲಿನ ಗೋಡೆಯನ್ನೂ ದಾಟಿತು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಉತ್ತರದಲ್ಲಿ ಜಾರಿಗೆ ಬಂತು. 1911ರ ಕಾಯ್ದೆಯ ಮೂಲಕ ಅದು ಮದ್ರಾಸು ಪ್ರಾಂತಕ್ಕೂ ಬಂತು. ನಮ್ಮ ಸೀಮೆಯ ಕೊರಚರಂಥ ಸಮುದಾಯಗಳು ಹುಟ್ಟುಕಳ್ಳರೆಂಬ ಹಣೆಪಟ್ಟಿ ಹೊರಬೇಕಾಯಿತು. ನುಲಿಯ ಚಂದಯ್ಯನವರನ್ನು ತಮ್ಮ ಕುಲದ ಹಿರಿಯರೆಂದು ಕೊರಮ, ಕೊರಚ ಬಂಧುಗಳು ಇಂದಿಗೂ ಪೂಜಿಸುತ್ತಾರೆ. ಅನುಭವ ಮಂಟಪದಲ್ಲಿ ಆಸನ ಪಡೆದ ಶರಣರ ಬಳಗವನ್ನು ಏಳೂವರೆ ಶತಮಾನಗಳ ನಂತರ ಪೊಲೀಸು ದಫ್ತರದಲ್ಲಿ ಅಪರಾಧಿಗಳೆಂದು ಬರೆದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ.

ಧಾತು ಈಶ್ವರ ಬರ

ಈಗ ನಮ್ಮ ಸೀಮೆಯ ಹಿರಿಯರ ನೆನಪಿನಲ್ಲಿ ಉಳಿದ ಸಂಗತಿಗೆ ಬರೋಣ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ. ಮದ್ರಾಸು ಪ್ರಾಂತದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆಗ ನಮ್ಮ ಊರುಗಳೆಲ್ಲ ಅದರೊಳಗೇ ಇದ್ದವು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಸೀಮೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಇಳಿಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ.

1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದ್ರಾಸು ಪ್ರಾಂತಕ್ಕೆ ಬಂದ. ಬರ ಪರಿಹಾರಕ್ಕೆ ಖರ್ಚು ಹೆಚ್ಚಾಗುತ್ತಿದೆ, ಕಡಿಮೆ ಮಾಡಬೇಕೆಂಬುದು ಅವನಿಗಿದ್ದ ಅಪ್ಪಣೆ. ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಕಾಳಿನ ಬೆಲೆ ಮತ್ತು ಮೇಲೆ ಸ್ವಲ್ಪ ಚಿಲ್ಲರೆ ಸಾಕೆಂದು ಅವನು ಗೊತ್ತುಮಾಡಿದ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ.

ಇದನ್ನು ಎದುರಿಸಿ ನಿಂತವರು ಮದ್ರಾಸು ಸರ್ಕಾರದ ಆರೋಗ್ಯ ಕಮಿಷನರ್ ಡಾಕ್ಟರ್ ಡಬ್ಲ್ಯು. ಆರ್. ಕಾರ್ನಿಷ್. ಅವರು ಈ ವಿಷಯವನ್ನು ಮೊದಲೇ ಓದಿ ಅರಿತವರು. 1863ರಲ್ಲೇ ಮದ್ರಾಸು ಪ್ರಾಂತದ ಜನ ಏನನ್ನು ಉಣ್ಣುತ್ತಾರೆ, ಜಿಲ್ಲಾ ಜೈಲುಗಳಲ್ಲಿ ಕೈದಿಗಳಿಗೆ ಏನು ಕೊಡುತ್ತಾರೆ ಎಂಬ ಬಗ್ಗೆ ಅವರು ವರದಿ ಬರೆದಿದ್ದರು. ನಮ್ಮ ಕಡೆಯ ಮೈಗಳನ್ನು ನಿಲ್ಲಿಸಿದ್ದು ಅಕ್ಕಿಯಲ್ಲ, ರಾಗಿ, ಜೋಳ, ನವಣೆ ಎಂಬುದು ಅಂಥ ಅಧ್ಯಯನಗಳಿಂದ ಸರ್ಕಾರಕ್ಕೂ ತಿಳಿಯಿತು. ಕಾರ್ನಿಷ್ ಎತ್ತಿದ ಮಾತು ಸರಳವಾಗಿತ್ತು: ದುಡಿಯುವ ಕೈದಿಗೆ ಜೈಲಿನಲ್ಲಿ ಕೊಡುವ ಕಾಳಿಗಿಂತ ತಪ್ಪೇ ಮಾಡದ ಬಡವನಿಗೆ ಕಾಮಗಾರಿಯಲ್ಲಿ ಕಡಿಮೆ ಕೊಡುತ್ತಿದ್ದೀರಿ, ಇಷ್ಟು ತಿಂದು ದುಡಿದರೆ ಮೈ ಕರಗಿ ಸಾಯುತ್ತಾನೆ. ಹಸಿವು ಎದ್ದು ಕಾಣುವ ಕಾಯಿಲೆಯಲ್ಲ. ಅದು ಭೇದಿಯ ರೂಪದಲ್ಲಿ, ಕಾಲರಾದ ರೂಪದಲ್ಲಿ, ಕಾಲಿನ ಬಾವಿನ ರೂಪದಲ್ಲಿ ಬಂದು ಕೊಲ್ಲುತ್ತದೆ. ಕೆಲವು ತಿಂಗಳ ಬಳಿಕ ಮದ್ರಾಸು ಸರ್ಕಾರ ಆ ಅಳತೆಯನ್ನು ಹೆಚ್ಚಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮನೆಗಳ ದೀಪ ಆರಿದ್ದವು.

ಆ ವರ್ಷಗಳಲ್ಲಿ ಕಾಳು ಕದ್ದು ಜೈಲು ಸೇರಿದವರು ಲೆಕ್ಕವಿಲ್ಲದಷ್ಟು. ಒಳಗೆ ಹೋದರೆ ಗಂಜಿಯಾದರೂ ಸಿಕ್ಕೀತೆಂಬ ಆಸೆಯಿಂದ ಕದ್ದವರೂ ಇದ್ದರು. ಜೈಲುಗಳು ಕಿಕ್ಕಿರಿದವು. ಒಳಗೆ ಬಂದವರು ಬರುವಾಗಲೇ ಮೂಳೆ ಚಕ್ಕಳವಾಗಿದ್ದರಿಂದ ಅಲ್ಲಿಯೂ ಸಾವು ಏರಿತು. ದೇಶ ಬರಗೆಟ್ಟಾಗ ಸೆರೆಮನೆಯೇ ಅನ್ನದ ಮನೆಯಾಗಿ ಕಂಡಿತೆಂದರೆ ಹೊರಗಿನ ರಾಜ್ಯಭಾರ ಎಂಥದಿದ್ದಿರಬೇಕು?

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪು ಬರುತ್ತದೆ. ಗಂಡ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟು ಬೇಡ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಮರಳಿ ಕಳುಹಿಸಿದ ಮಹಾತಾಯಿ ಅವರು. ಸಾಕು ಎಂಬ ಮಾತನ್ನು ಲಕ್ಕಮ್ಮನವರೂ ಆಡಿದರು, ಟೆಂಪಲ್ಲನೂ ಆಡಿದ. ಲಕ್ಕಮ್ಮನವರು ತಮ್ಮ ಹೊಟ್ಟೆಗೆ ಸಾಕೆಂದರು. ಟೆಂಪಲ್ ಪರರ ಹೊಟ್ಟೆಗೆ ಸಾಕೆಂದ. ವಿರಕ್ತಿಗೂ ಕ್ರೌರ್ಯಕ್ಕೂ ಇರುವ ಅಂತರ ಇಷ್ಟೇ. ಬಡವರಿಗೆ ಸರಳ ಜೀವನದ ಉಪದೇಶ ಮಾಡುವ ಉಳ್ಳವರು ಇದನ್ನು ಮರೆಯಬಾರದು.

ತಕ್ಕಡಿಯಲ್ಲಿ ಮೈ

ಕಾಲರಾ ಮತ್ತು ರಕ್ತಭೇದಿ ಆ ಕಾಲದ ಜೈಲುಗಳ ದೊಡ್ಡ ಶತ್ರುಗಳು. ಬಾವಿಯ ನೀರು, ಪಾಯಿಖಾನೆ, ಇಕ್ಕಟ್ಟಾದ ಕೋಣೆ ಇವೇ ಕಾರಣ. ಕಾಲರಾ ಕಾಣಿಸಿದರೆ ಕೈದಿಗಳನ್ನು ಜೈಲಿನಿಂದ ತೆಗೆದು ಬಯಲಿನ ಡೇರೆಗಳಿಗೆ ಸಾಗಿಸುವ ಪದ್ಧತಿ ಬೆಳೆಯಿತು. ವೈದ್ಯರಿಗೆ ಜೈಲು ಒಂದು ಪಾಠಶಾಲೆಯಾಯಿತು. ಎಲ್ಲರೂ ಒಂದೇ ಊಟ ಉಣ್ಣುತ್ತಾರೆ, ಒಂದೇ ನೀರು ಕುಡಿಯುತ್ತಾರೆ, ಯಾರೂ ಎಲ್ಲಿಗೂ ಹೋಗುವಂತಿಲ್ಲ. ಆದ್ದರಿಂದ ಯಾವ ಆಹಾರದಿಂದ ಏನಾಗುತ್ತದೆ ಎಂದು ಲೆಕ್ಕ ಹಾಕುವುದು ಸುಲಭ.

1894ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾರಾಗೃಹ ಕಾಯ್ದೆ ಬಂತು. ಅದರಲ್ಲಿ ನಮ್ಮ ಪಾಠಕ್ಕೆ ಬೇಕಾದ ಅಂಶಗಳು ಇವು. ಒಳಗೆ ಬಂದ ಕೈದಿಯ ಮೈಯನ್ನು ಶೋಧಿಸಬೇಕು. ವೈದ್ಯಾಧಿಕಾರಿ ಪರೀಕ್ಷಿಸಿ ಅವನು ಯಾವ ದರ್ಜೆಯ ದುಡಿಮೆಗೆ ತಕ್ಕವನೆಂದು ಬರೆಯಬೇಕು. ಕಠಿಣ ಶಿಕ್ಷೆಯವನನ್ನೂ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ದುಡಿಯುವ ಕೈದಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ ತೂಗಿ ಚೀಟಿಯಲ್ಲಿ ತೂಕ ಬರೆಯಬೇಕು. ದುಡಿಮೆಯಿಂದ ಮೈ ಕೆಡುತ್ತಿದೆಯೆಂದು ವೈದ್ಯ ಹೇಳಿದರೆ ಕೆಲಸ ಬದಲಿಸಬೇಕು. ಇವೆಲ್ಲ ಒಳ್ಳೆಯ ಮಾತುಗಳು. ಹೊರಗಿನ ಎಷ್ಟೋ ಕೂಲಿಕಾರರಿಗೆ ಇಂಥ ರಕ್ಷಣೆ ಇರಲಿಲ್ಲ.

ಅದೇ ಕಾಯ್ದೆಯ ಇನ್ನೊಂದು ಪುಟ ಓದಿದರೆ ಎದೆ ನಡುಗುತ್ತದೆ. ತಪ್ಪು ಮಾಡಿದ ಕೈದಿಗೆ ಮೂರು ತಿಂಗಳವರೆಗೆ ಗೋಣಿಬಟ್ಟೆ ತೊಡಿಸಬಹುದು. ಬೇಡಿ, ಕೋಳ ಹಾಕಬಹುದು. ದಂಡನೆಯ ಊಟವೆಂದು ಆಹಾರ ಕಡಿತ ಮಾಡಬಹುದು, ಒಂದು ಸಲಕ್ಕೆ 96 ಗಂಟೆಗಳವರೆಗೆ. 30 ಏಟುಗಳವರೆಗೆ ಛಡಿಯಿಂದ ಹೊಡೆಯಬಹುದು. ಹೊಡೆಯುವಾಗ ವೈದ್ಯಾಧಿಕಾರಿ ಎದುರಿಗಿರಬೇಕು. ಕೈದಿಯ ಮೈ ಏಟು ತಾಳುತ್ತದೆಂದು ಅವನೇ ಮೊದಲು ಒಪ್ಪಿಗೆ ಕೊಡಬೇಕು. ತೂಕ ಬರೆದ ಕೈಯೇ ಏಟಿಗೂ ಸಹಿ ಹಾಕಿತು. ಆರೋಗ್ಯ ಮತ್ತು ಶಿಸ್ತು ಅಲ್ಲಿ ಒಂದೇ ಮೇಜಿನಲ್ಲಿ ಕುಳಿತಿದ್ದವು.

ಇನ್ನೊಂದು ಉದಾಹರಣೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ವಿಜ್ಞಾನಿ ಹಾಫ್ಕಿನ್ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಭೈಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿದಾಗ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರೊಡನೆ ಹೋಲಿಸಿ ನೋಡಿದರು. ಹಾಕಿಸಿಕೊಂಡವರಲ್ಲಿ ರೋಗ ಬಹಳ ಕಡಿಮೆಯಾಯಿತು. ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆಯಿಂದ ಬದುಕಿಕೊಂಡರು. ಹಾಫ್ಕಿನ್ನರಿಗೆ ನಾವು ಕೃತಜ್ಞರು. ಆದರೆ ಬೀಗದ ಒಳಗಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ನಮ್ಮ ಅಜ್ಜಂದಿರ ಪ್ರಾಣ ಉಳಿಸಿದ ವಿದ್ಯೆಯಲ್ಲಿ ಆ ಹೆಸರಿಲ್ಲದ ಕೈದಿಗಳ ಪಾಲೂ ಇದೆ. ಅವರನ್ನೂ ನೆನೆಯುವುದು ಧರ್ಮ.

ಇನ್ನೂ ಮುಗಿಯದ ಕಥೆ

ಇದೆಲ್ಲ ಹಳೆಯ ಮಾತು, ಇಂಗ್ಲಿಷರೊಂದಿಗೆ ಹೋಯಿತು ಎನ್ನುವಂತಿಲ್ಲ. ಸ್ವಾತಂತ್ರ್ಯ ಬಂದ ನಂತರವೂ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಆ ಸಾಲುಗಳು ಉಳಿದುಕೊಂಡವು. ಅಡುಗೆ ತಕ್ಕ ಜಾತಿಯವನಿಂದ ಆಗಬೇಕು, ಗುಡಿಸುವ ಕೆಲಸ ಆ ಕೆಲಸಕ್ಕೆ ಒಗ್ಗಿದ ಜಾತಿಯವನಿಗೆ ಎಂಬ ಮಾತುಗಳು ಪುಸ್ತಕದಲ್ಲೇ ಇದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಹೂಡಿದ ಮೊಕದ್ದಮೆಯಲ್ಲಿ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಜಾತಿ ನೋಡಿ ಕೆಲಸ ಹಂಚುವ, ಜಾತಿ ನೋಡಿ ಕೋಣೆ ಬೇರೆ ಮಾಡುವ ನಿಯಮಗಳು ಸಂವಿಧಾನಕ್ಕೆ ವಿರುದ್ಧ, ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕು, ದಾಖಲೆ ಪುಸ್ತಕದಿಂದ ಜಾತಿಯ ಕಲಮನ್ನು ತೆಗೆಯಬೇಕು ಎಂದು ಆಜ್ಞೆಯಾಯಿತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಹೇಳಿದ್ದು ಸೆರೆಮನೆಯ ಅಡುಗೆಕೋಣೆಯನ್ನು ಕಾನೂನಾಗಿ ಮುಟ್ಟಲು ಇಷ್ಟು ಕಾಲ ಬೇಕಾಯಿತು.

ಬಂಧುಗಳೇ, ಕೋರ್ಟು ಜೈಲಿನ ಪುಸ್ತಕವನ್ನು ತಿದ್ದಬಲ್ಲದು. ನಮ್ಮ ಮನೆಯ ಪಂಕ್ತಿಯನ್ನು ತಿದ್ದುವವರು ಯಾರು? ಜಾತ್ರೆಯ ದಾಸೋಹದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತೇವೆ, ಸಂತೋಷ. ಮನೆಯ ಮದುವೆಯಲ್ಲಿ? ಹೊಲದ ಆಳಿಗೆ ಕೊಡುವ ತಟ್ಟೆ, ಲೋಟ ಎಲ್ಲಿ ಇರುತ್ತವೆ? ಹಿತ್ತಿಲ ಗೋಡೆಯ ಗೂಡಿನಲ್ಲಿಯೋ, ಅಡುಗೆಮನೆಯ ಕಪಾಟಿನಲ್ಲಿಯೋ? ಇಂಗ್ಲಿಷ್ ಜೈಲರು ಮಾಡಿದ್ದನ್ನು ನಾವು ಬೀಗವಿಲ್ಲದೆಯೇ ಮಾಡುತ್ತಿದ್ದರೆ ಲಿಂಗ ಕಟ್ಟಿದ್ದಕ್ಕೆ ಅರ್ಥವೇನು?

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಆಗಿನ ಕೈದಿಗಳು ಗುಂಪಿನ ಅಡುಗೆಗೆ ಅಷ್ಟು ಹೆದರಿದ್ದು ಏಕೆ? ಊರಿಗೆ ಮರಳಿದಾಗ ತಮ್ಮವರು ಒಳಗೆ ಬಿಟ್ಟುಕೊಳ್ಳುವುದಿಲ್ಲವೆಂಬ ಭಯದಿಂದ. ಜೈಲಿನ ಶಿಕ್ಷೆಗೆ ಅವಧಿಯಿದೆ, ಊರಿನ ಶಿಕ್ಷೆಗೆ ಅವಧಿಯಿಲ್ಲ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಜಮೀನಿನ ಜಗಳದಲ್ಲೋ ಸಾಲದ ವ್ಯವಹಾರದಲ್ಲೋ ಸಿಕ್ಕಿ ಒಳಗೆ ಹೋಗಿ ಬಂದವರಿದ್ದಾರೆ. ಅವರ ಹೆಂಡತಿ ಬಾವಿಕಟ್ಟೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾಳೆ. ಅವರ ಮಕ್ಕಳನ್ನು ಶಾಲೆಯಲ್ಲಿ ಆಡಿಕೊಳ್ಳುತ್ತಾರೆ. ಶಿಕ್ಷೆ ಮುಗಿಸಿ ಬಂದವನನ್ನು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಊಟ ಮಾಡಪ್ಪಾ ಎನ್ನುವುದು ಯಾವ ಕಾಯ್ದೆಯೂ ಮಾಡಲಾಗದ ಕೆಲಸ. ಅದು ಭಕ್ತರ ಕೆಲಸ. ಸೆರೆಮನೆಯ ಅನ್ನ ಮೈಯನ್ನು ತೂಗಿ ಬಡಿಸುತ್ತದೆ. ದಾಸೋಹದ ಅನ್ನ ತೂಗುವುದಿಲ್ಲ.

ಶಿವಾನುಭವ ಗೋಷ್ಠಿಯಲ್ಲಿ ಚರ್ಚಿಸಲು

1. ದಂಡನೆಯ ದುಡಿಮೆಗೂ ಕಾಯಕಕ್ಕೂ ಇರುವ ಮೂರು ವ್ಯತ್ಯಾಸಗಳಾವುವು? ನಮ್ಮ ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರ ದುಡಿಮೆ ಯಾವುದಕ್ಕೆ ಹತ್ತಿರ?

2. ಅನ್ನವನ್ನು ಭಕ್ತಿಯಿಂದ ದೂರವಿಡುವುದಕ್ಕೂ ಜಾತಿಯಿಂದ ದೂರವಿಡುವುದಕ್ಕೂ ಭೇದವೇನು? ನಮ್ಮ ಮನೆಯ ಒಂದು ಉದಾಹರಣೆ ಕೊಟ್ಟು ವಿಚಾರಿಸಿ.

3. ಲಕ್ಕಮ್ಮನವರ ಸಾಕು ಎಂಬ ಮಾತಿಗೂ 1877ರ ಕಾಮಗಾರಿಯ ಅಳತೆಗೂ ಇರುವ ಅಂತರವನ್ನು ಮಕ್ಕಳಿಗೆ ಹೇಗೆ ತಿಳಿಸುವಿರಿ?

4. ಧಾತು ಈಶ್ವರ ಬರದ ಬಗ್ಗೆ ನಿಮ್ಮ ಮನೆಯ ಹಿರಿಯರಿಂದ ಕೇಳಿದ ಮಾತುಗಳೇನಾದರೂ ಇದ್ದರೆ ಗೋಷ್ಠಿಯಲ್ಲಿ ಹೇಳಿ, ಬರೆದಿಡಿ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಸರಿಯೇ.

5. ಶಿಕ್ಷೆ ಮುಗಿಸಿ ಊರಿಗೆ ಬಂದವರ ಮನೆಗೆ ನಿಮ್ಮ ಊರಿನ ಭಕ್ತರು ಈ ವರ್ಷ ಒಮ್ಮೆಯಾದರೂ ಹೋಗಿದ್ದಾರೆಯೇ?